ದುಡ್ಡಿನವರಿಗೆ ಹೊಸ ಕ್ಯಾಮೆರಾ, ನೆಂಟರಿಗೆ ಹಳೆಯದು

ಶಿಗ್ಗಾಂವದಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ಒಂದು ಕೋಣೆ, ಒಂದು ಪರದೆ, ಪರದೆಯ ಮೇಲೆ ನಮ್ಮ ತಾಲೂಕಿನವರು ಯಾರೂ ಕಂಡಿರದ ಒಂದು ಸರೋವರ. ಅರವತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಯಜಮಾನರ ಬಳಿ ಎರಡು ಕ್ಯಾಮೆರಾ ಇದ್ದವು. ಎರಡಕ್ಕೂ ಮೇಲೊಂದು ಕೆಳಗೊಂದು ಕಣ್ಣು: ಮೇಲಿನದು ನೋಡುವುದಕ್ಕೆ, ಕೆಳಗಿನದು ಫೋಟೋ ತೆಗೆಯುವುದಕ್ಕೆ. ಅದನ್ನು ಹೊಟ್ಟೆಗೆ ಆನಿಸಿಕೊಂಡು, ತಲೆ ಬಗ್ಗಿಸಿ, ನೆತ್ತಿಯ ಗಾಜಿನಲ್ಲಿ ನೋಡಬೇಕು. ಮನೆಯಲ್ಲಿ ಎಂದೂ ತಲೆ ಬಗ್ಗಿಸದ ಮನುಷ್ಯ ಊರವರೆಲ್ಲರ ಎದುರು ಬಗ್ಗಿಸಿ ನಿಲ್ಲುವುದನ್ನು ನೋಡಿ ನನಗೆ ಬಹಳ ಸಂತೋಷವಾಗುತ್ತಿತ್ತು.

ಹಳೆಯದು ಜರ್ಮನಿಯದು, ಸವಣೂರಿನಲ್ಲಿ ಯಾರೋ ಮಾರಿದ್ದು. ಹೊಸದು ಜಪಾನಿನದು, ಮುಂಬೈಯಿಂದ ಹೇಗೋ ಬಂದದ್ದು. ಹೇಗೆ ಎಂದು ನಾನು ಕೇಳಲಿಲ್ಲ. ಹಳೆಯದರಲ್ಲಿ ಪ್ರತಿ ಫೋಟೋ ಆದ ಮೇಲೆ, ಬೆನ್ನಿನ ಕೆಂಪು ಕಿಟಕಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ಬಿರಡೆ ತಿರುವಿ ರೀಲು ಸರಿಸಬೇಕು. ಆಮೇಲೆ ಮುಂಭಾಗದ ಸಣ್ಣ ಕಡ್ಡಿ ಎಳೆದು ಷಟರ್ ಬೇರೆ ಸಜ್ಜುಗೊಳಿಸಬೇಕು. ರೀಲು ಸರಿಸಲು ಮರೆತರೂ ಅದು ತಕರಾರು ಮಾಡುವುದಿಲ್ಲ, ಒಂದರ ಮೇಲೊಂದು ಫೋಟೋ ತೆಗೆದು ಕೊಡುತ್ತದೆ. ಹೊಸದರಲ್ಲಿ ಪಕ್ಕದ ಹಿಡಿಕೆಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಿರುವಿದರೆ ಎರಡೂ ಕೆಲಸ ಒಟ್ಟಿಗೇ ಮುಗಿದವು. ಫೋಕಸ್ ಮಾಡುವ ಚಕ್ರ ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಇದನ್ನೆಲ್ಲ ನಾನಾಗಿ ಕೇಳಿ ಕಲಿತದ್ದಲ್ಲ. ನಮ್ಮ ಮನೆಯಲ್ಲಿ ರೊಟ್ಟಿಯ ಜೊತೆ ದಿನವೂ ಇದೇ ಪಲ್ಯ.

ಹೊಸ ಕ್ಯಾಮೆರಾ ಹಾನಗಲ್ಲಿನ ಸಾಹುಕಾರರಿಗೆ, ಹಿರೇಕೆರೂರಿನ ವಕೀಲರಿಗೆ. ಪುಕ್ಕಟೆ ತೆಗೆಸಿಕೊಳ್ಳುವ ನೆಂಟರಿಗೆ ಹಳೆಯದು.

ನನಗೆ ಬೇಕಾಗಿದ್ದದ್ದು ಒಂದೇ, ನನ್ನ ಅವ್ವನ ಫೋಟೋ. ಅಪ್ಪ ಹೋದಾಗಿನಿಂದ ಅವಳು ಯಾವ ಮದುವೆಯ ಗುಂಪು ಫೋಟೋದಲ್ಲೂ ಇಲ್ಲ. ಗಂಡ ಸತ್ತವಳು ಮದುಮಕ್ಕಳ ಜೊತೆ ನಿಲ್ಲಬಾರದಂತೆ. ನಿಲ್ಲಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಮ್ಮ ಜನ ಬಹಳ ಮರ್ಯಾದಸ್ಥರು. ಕುರ್ಚಿ ಜೋಡಿಸುವ ಹೊತ್ತಿಗೆ ಸರಿಯಾಗಿ ಅವಳಿಗೆ ಹಿತ್ತಿಲಲ್ಲಿ ಏನಾದರೊಂದು ಕೆಲಸ ಹಚ್ಚುತ್ತಾರೆ, ಅಷ್ಟೇ.

ಬಂಕಾಪುರದಲ್ಲಿ ನಮ್ಮಣ್ಣನ ಮಗಳ ಮದುವೆಯಾಯಿತು. ಅವ್ವನೇ ಎತ್ತಿ ಆಡಿಸಿ ಬೆಳೆಸಿದ ಮೊಮ್ಮಗಳು. ನೆಂಟರ ಮದುವೆಯೆಂದು ಯಜಮಾನರು ಹಳೆಯ ಕ್ಯಾಮೆರಾ ತಂದರು. ಅಷ್ಟರಲ್ಲಿ ಕೈ ಹೊಸದಕ್ಕೆ ಒಗ್ಗಿಹೋಗಿತ್ತು. ಮರೆಯಬಾರದೆಂದು ಮದುವೆಯುದ್ದಕ್ಕೂ "ಕಿಟಕಿ, ಕಿಟಕಿ" ಎಂದು ಜಪ ಮಾಡುತ್ತ ತೆಗೆದರು. ಯಾರಾದರೂ ಕಣ್ಣು ಮುಚ್ಚಿರಬಹುದೆಂದು ಗುಂಪು ಫೋಟೋ ಎರಡು ಸಲ ಆಯಿತು. ಅವ್ವ ಹಿತ್ತಿಲಲ್ಲಿ ಹಂಡೆ ತಿಕ್ಕುತ್ತಿದ್ದಳು. ತಿಕ್ಕುವುದಕ್ಕೆ ಕೂಲಿಯವರು ಇದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ರೀಲಿನಾಗ ಒಂದ್ ಉಳದೈತಿ ಹೌದಲ್ರಿ? ನಮ್ಮವ್ವಂದ ತಗೀರಿ" ಎಂದೆ.

"ಬಸ್ಸಿನ ಹೊತ್ತಾತು. ಇನ್ನೊಮ್ಮೆ ನೋಡೂಣು."

"ಹಂಗಾರ ನೀವೊಬ್ರ ಬಸ್ ಹತ್ರಿ."

ಹಿತ್ತಿಲಿಗೆ ಬಂದರು. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು, ಒಲೆಯ ಹೊಗೆಗೆ ಕಪ್ಪಾದ ಗೋಡೆಯ ಮುಂದೆ ಮಣೆ ಹಾಕಿಕೊಂಡು ಕುಳಿತಳು. ಅತ್ತೆಯ ಫೋಟೋಗೆ ಯಾವ ಜಪ? ಯಜಮಾನರು ಕಡ್ಡಿ ಎಳೆದರು, ಒತ್ತಿದರು, ಬಸ್ಸಿಗೆ ಓಡಿದರು. ಒಂದು ಕೆಲಸ ಮಾಡಿದರೆ ಎರಡೂ ಆಗುತ್ತವೆ ಎಂದು ಕಲಿತಿದ್ದ ಕೈ ರೀಲು ಸರಿಸಲೇ ಇಲ್ಲ.

ಫಿಲ್ಮ್ ತೊಳೆದು ಪ್ರಿಂಟ್ ಹಾಕಿದಾಗ ಎರಡನೆಯ ಗುಂಪು ಫೋಟೋದ ಮೇಲೆಯೇ ಅವ್ವ ಮೂಡಿದ್ದಳು. ಮದುಮಗ ಮದುಮಗಳ ನಡುವೆ, ಎಲ್ಲರಿಗಿಂತ ದೊಡ್ಡದಾಗಿ. ಬೀಗರ ತಲೆಯ ರುಮಾಲುಗಳು ಅವಳ ಸೆರಗಿನೊಳಗಿಂದ ಇಣುಕುತ್ತಿದ್ದವು. ತಮ್ಮಿಂದ ತಪ್ಪಾಗುವುದೇ ಇಲ್ಲ ಎನ್ನುವ ನಮ್ಮ ಯಜಮಾನರು ಕೂಡಲೇ ಹಳೆಯ ಕ್ಯಾಮೆರಾವನ್ನು ಬೈದರು.

ಫೋಟೋ ಒಯ್ಯಲು ಬಂದ ಅಣ್ಣ ಅದನ್ನು ನೋಡಿ ಬೆವತುಹೋದ. "ಸುಟ್ಟಬಿಡ್ರಿ ಅದನ್ನ! ಬೀಗರು ನೋಡಿದ್ರ ಅಪಶಕುನ ಅಂತಾರ." ಯಜಮಾನರು ಆಗಲೇ ಕತ್ತರಿ ಹುಡುಕುತ್ತಿದ್ದರು. ನಾನು ಪ್ರಿಂಟನ್ನೂ ನೆಗೆಟಿವನ್ನೂ ಕಿತ್ತುಕೊಂಡೆ.

"ಮೊದಲನೇದು ಚಲೋ ಬಂದೈತಿ, ಅದನ್ನ ಒಯ್ಯಣ್ಣ. ಅದರಾಗ ಅಪಶಕುನಾನೂ ಇಲ್ಲ, ನಿನ್ನ ಹಡದಾಕಿನೂ ಇಲ್ಲ."

ಅವನು ಮೊದಲನೆಯದನ್ನು ಒಯ್ದ.

ಮುಂದಿನ ವಾರ ನಾನು ಆ ಪ್ರಿಂಟ್ ಹಿಡಿದುಕೊಂಡು ಅವ್ವನ ಹತ್ತಿರ ಹೋದೆ. ಯಜಮಾನರೂ ಬಂದರು, ಈ ಸಲ ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು. "ಅದು ಕೆಟ್ಟೈತ್ರಿ ಅತ್ತಿ. ಬರ್ರಿ, ಇದರಾಗ ಚಂದಾಗಿ ತಗೀತೇನಿ" ಎಂದರು.

ಅವ್ವ ಕ್ಯಾಮೆರಾದತ್ತ ನೋಡಲಿಲ್ಲ. ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು, ಮೊಮ್ಮಗಳ ಮುಖ, ಮಗನ ಮುಖ, ಒಂದೊಂದರ ಮೇಲೂ ಬೆರಳಿಟ್ಟು ಗುರುತು ಹಿಡಿಯುತ್ತಿದ್ದಳು.

"ಬ್ಯಾಡ್ರಿ," ಎಂದಳು ಅಳಿಯನಿಗೆ. "ಇದರಾಗ ಎಲ್ಲಾರ ನಡುವ ಕುಂತೇನಿ. ಮತ್ತ ತಗದ್ರ ನಾ ಒಬ್ಬಾಕೀನ ಬರ್ತೇನಿ."