ಫ್ರಿಜ್ಜಿನಲ್ಲಿದ್ದ ಪಾಯಸ

ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು, ಅದರಲ್ಲಿ ಮಿಕ್ಕ ಪಾಯಸವಿತ್ತು ಎಂಬುದು ನನ್ನ ನೆನಪು. ಮುಚ್ಚಳದ ಅಂಚಿಗೆ ಅಂಟಿದ್ದ ನೇರಳೆ ಬಣ್ಣ ಕೂಡ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ನೋಡಿದ್ದು ಯಾವ ದಿನ, ಯಾವ ವರ್ಷ, ಅಥವಾ ಚಿಕ್ಕವ್ವ ಹೇಳಿದ್ದನ್ನು ಕೇಳಿ ಕೇಳಿ ನಾನೇ ಕಟ್ಟಿಕೊಂಡದ್ದೋ, ಹೇಳಲಾರೆ. ಮೈಸೂರಿನ ಆಸ್ಪತ್ರೆಯಲ್ಲಿ ವೈದ್ಯರು ಚಿಕ್ಕಪ್ಪನ ಬಗ್ಗೆ "ಮೂತ್ರದಲ್ಲಿ ರಕ್ತ ಯಾವಾಗಿನಿಂದ?" ಎಂದು ಕೇಳಿದಾಗಿನಿಂದ ಆ ಡಬ್ಬಿ ನನ್ನ ತಲೆಯಲ್ಲೇ ಕೂತಿದೆ. ಡಬ್ಬಿ ಮನೆಯಲ್ಲಿದ್ದರೆ ಉತ್ತರ ಒಂದು. ಇಲ್ಲದಿದ್ದರೆ, ನಾವೆಲ್ಲ ಅವರ ಎದುರು ಕೂತು ನಗುತ್ತಿದ್ದಾಗಲೇ ರೋಗ ಶುರುವಾಗಿತ್ತು ಎಂದಾಗುತ್ತದೆ.

ಕುಶಾಲನಗರದ ಆಚೆ ನಮ್ಮ ಕಡೆ, ಮಳೆಗಾಲದ ಆಟಿ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ವರ್ಷವಿಡೀ ತೋಟದ ಬದಿಯಲ್ಲಿ ಯಾರ ಗಮನಕ್ಕೂ ಬಾರದೆ ಬೆಳೆಯುವ ಗಿಡ ಅದು. ಆ ಒಂದು ದಿನ ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರುತ್ತದೆ, ಆ ದಿನವೇ ಅದಕ್ಕೆ ಘಮ ಬರುತ್ತದೆ ಎಂದು ನಂಬಿಕೆ. ದಿನ ಕಳೆದ ಮೇಲೆ ಯಾರೂ ಆ ಗಿಡವನ್ನು ಮುಟ್ಟುವುದಿಲ್ಲ. ಸೊಪ್ಪು ಕುದಿಸಿದ ನೀರು ಕಪ್ಪಿಗೆ ತಿರುಗಿದ ನೇರಳೆಯಾಗುತ್ತದೆ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿದರೆ ಪಾಯಸ. ತಿಂದವರ ಮೂತ್ರ ಕೆಂಪಾಗುತ್ತದೆ. ಹೊರಗಿನಿಂದ ಬಂದವರು ಹೆದರುತ್ತಾರೆ, ನಮಗದು ತಮಾಷೆ. ಬೆಳಿಗ್ಗೆ ಬಚ್ಚಲಿನಿಂದ ಬಂದವರನ್ನು "ಮದ್ದು ಹಿಡ್ತಾ?" ಎಂದು ಕೇಳುವುದು ವಾಡಿಕೆ. ಕೆಂಪು ಕಂಡರೆ ಸಮಾಧಾನಪಡುವ ಜನ ನಾವು.

ಕಳೆದ ವರ್ಷ ಈ ಸೊಪ್ಪಿನ ಮೇಲೆ ಒಂದು ಸಂಶೋಧನೆ ನಡೆಯಿತು. ರಸಾಯನಶಾಸ್ತ್ರದ ಒಬ್ಬ ಮೇಡಂ, ಮಾನವಶಾಸ್ತ್ರದ ಒಬ್ಬ ಮೇಷ್ಟ್ರು, ಅಂಕಿಅಂಶ ನೋಡಿಕೊಳ್ಳಲು ನಾನು. ನಾನು ಮೈಸೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಹದಿನೆಂಟು ಮದ್ದಿನ ಕತೆಯನ್ನು ಚಿಕ್ಕಂದಿನಲ್ಲೇ ನಂಬುವುದು ಬಿಟ್ಟವನು. ಮೇಡಂಗೆ ಬೇಕಾಗಿದ್ದದ್ದು ಸೊಪ್ಪಿನ ಬಣ್ಣ ದೇಹದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು. ಮೇಷ್ಟ್ರಿಗೆ ಬೇಕಾಗಿದ್ದದ್ದು ಆ ಬಣ್ಣದ ಬಗ್ಗೆ ಜನ ಆಡುವ ಮಾತು. ಇಬ್ಬರನ್ನೂ ಚಿಕ್ಕಪ್ಪನ ಮನೆಯ ಹೋಂಸ್ಟೇ ಕೋಣೆಗಳಲ್ಲಿ ಇಳಿಸಿದೆ.

ಚಿಕ್ಕಪ್ಪನಿಗೆ ಈ ಏರ್ಪಾಡು ಬಹಳ ಹಿಡಿಸಿತು. ಪಿಎಚ್‌ಡಿ ಆದ ಮೇಲೆ ಅವರು ನನ್ನನ್ನು ಕರೆಯುತ್ತಿದ್ದದ್ದೇ ಡಾಕ್ಟ್ರೇ ಎಂದು. "ಇಂವ ನಮ್ಮ ಡಾಕ್ಟ್ರು. ಜ್ವರ ಬಂದರೆ ಮಾತ್ರ ಇವನ ಹತ್ರ ಹೋಗ್ಬಾರ್ದು," ಎಂದು ಮೇಡಂಗೆ ನನ್ನ ಪರಿಚಯ ಮಾಡಿಕೊಟ್ಟರು. ಮೂತ್ರ ಹಿಡಿದು ಕೊಡಲು ಪುಟ್ಟ ಬಾಟಲಿ ಹಂಚಿದಾಗ ಮನೆಯವರೆಲ್ಲ ಮುಖ ಮುಚ್ಚಿಕೊಂಡು ನಕ್ಕರೆ, ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಇಷ್ಟೇ ಸಾಕಾ ಮೇಡಂ? ನಮ್ದು ದೊಡ್ಡ ಮನೆತನ," ಎಂದರು. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಹದಿನೆಂಟರಂದು ಎಲ್ಲರೂ ತಿಂದೆವು. ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಚಿಕ್ಕವ್ವ ಅರ್ಧ ಬಟ್ಟಲು ಮಾತ್ರ ಕೊಟ್ಟರು. ಮಿಕ್ಕದ್ದನ್ನು ಒಂದು ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರು. ಇದು ಖಂಡಿತ. ಮರುದಿನ ಬೆಳಿಗ್ಗೆ ಬೇಗನೆ ಮೇಡಂ ಮೊದಲ ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಮೈಸೂರಿಗೆ ಹೊರಟರು. ಹಾರಂಗಿ ಅಣೆಕಟ್ಟಿನ ಗೇಟು ತೆಗೆದಿದ್ದಾರಂತೆ, ನೀರು ರಸ್ತೆಗೆ ಬರುವ ಮೊದಲೇ ಕುಶಾಲನಗರ ದಾಟಬೇಕು ಎಂಬ ಅವಸರ. ನಾನಿನ್ನೂ ಹಾಸಿಗೆಯಲ್ಲಿದ್ದೆ. ಚಿಕ್ಕವ್ವ ಕೊಟ್ಟಿಗೆಯಲ್ಲಿದ್ದರು. ಕಾರಿನವರೆಗೆ ಹೋಗಿ ಕಳಿಸಿಕೊಟ್ಟದ್ದು ಚಿಕ್ಕಪ್ಪ. ಬಾಗಿಲು ಹಾಕಿದ ಸದ್ದು ನನಗೆ ಕೇಳಿಸಿತ್ತು.

ಮುಂದಿನ ಬಾಟಲಿಗಳನ್ನು ಸಂಗ್ರಹಿಸುವ ಕೆಲಸ ಮೇಷ್ಟ್ರಿಗೂ ನನಗೂ ಬಿತ್ತು. ಜಗುಲಿಯ ಕಿಟಕಿಯ ಮೇಲೆ ಸಾಲಾಗಿ ಇಡುತ್ತಿದ್ದೆವು. ಹತ್ತೊಂಬತ್ತರ ಸಂಜೆಗೆ ಎಲ್ಲರದ್ದೂ ತಿಳಿಯಾಗುತ್ತ ಬಂತು. ಅದರ ಮರುದಿನಕ್ಕೆ ಬರೀ ನೀರು. ಚಿಕ್ಕಪ್ಪನದ್ದೊಂದು ಕೆಂಪಾಗಿಯೇ ಇತ್ತು. ಅದರ ಮರುದಿನವೂ. ಮೋಡದ ಬೆಳಕಿನಲ್ಲಿ ಆ ಸಾಲಿನಲ್ಲಿ ಬಣ್ಣವಿದ್ದದ್ದು ಅದೊಂದಕ್ಕೇ. ಉಳಿದವರದ್ದು ನೇರಳೆ ಬೆರೆತ ಕೆಂಪಾಗಿತ್ತು, ಇದು ತುಸು ಕಂದು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿತ್ತೋ ಇಲ್ಲವೋ, ಆ ಮಾತಿಗೆ ನಾನು ಜವಾಬ್ದಾರನಲ್ಲ.

ಚಿಕ್ಕವ್ವ ಬಾಟಲಿ ನೋಡಿದವರೇ, ಚಿಕ್ಕಪ್ಪ ಫ್ರಿಜ್ಜಿನ ಪಾಯಸ ಕದ್ದು ತಿನ್ನುತ್ತಿದ್ದಾರೆಂದು ಸೊಂಟಕ್ಕೆ ಕೈ ಇಟ್ಟರು.

"ಇವು ಕದ್ದ್ ತಿಂತಾ ಒಳೊ. ಶುಗರ್ ಉಟ್ಟು, ಬುದ್ಧಿ ಮಾತ್ರ ಇಲ್ಲೆ."

"ನಾ ತಿಂದಿಲ್ಲೆ ಮಾರಾಯ್ತಿ," ಎಂದರು ಚಿಕ್ಕಪ್ಪ.

"ಹಂಗಾರೆ ಬಾಟ್ಲಿ ಸುಳ್ಳು ಹೇಳ್ತಾ ಉಟ್ಟಾ?"

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಸಕ್ಕರೆ ಕಾಯಿಲೆಯವನ ಕಳ್ಳತನವನ್ನು ಮದ್ದುಸೊಪ್ಪೇ ಹಿಡಿದುಕೊಟ್ಟಿತು ಎಂದರು. ಇಂಥದ್ದೊಂದು ಪ್ರಸಂಗಕ್ಕಾಗಿ ಅವರು ಕಾದಿದ್ದರು. ಚಿಕ್ಕವ್ವ ಫ್ರಿಜ್ಜಿನ ಬಾಗಿಲು ತೆಗೆದರು. ಇಲ್ಲಿಂದ ಮುಂದೆ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ಡಬ್ಬಿ ಅಲ್ಲೇ ಇದೆ, ಅರ್ಧ ಖಾಲಿಯಾಗಿದೆ, ಮುಚ್ಚಳದ ಅಂಚಿನಲ್ಲಿ ನೇರಳೆ ಬಣ್ಣವಿದೆ. ಇನ್ನೊಂದರಲ್ಲಿ ಅರೆ ಖಾಲಿ, ಚಿಕ್ಕವ್ವ "ಡಬ್ಬಿ ಸಮೇತ ಮುಗ್ಸಿಯೊಳೊ!" ಎಂದು ಕೂಗುತ್ತಿದ್ದಾರೆ, ಚಿಕ್ಕಪ್ಪ ಏನೋ ಹೇಳುತ್ತಿದ್ದಾರೆ.

ಏನು ಹೇಳಿದರು? "ಮೇಡಂ ತಕಂಡ್ ಹೋದೊ" ಎಂದರೇ? ಹಾಗೆ ಕೇಳಿಸಿದ ನೆನಪಿದೆ. ಆದರೆ ನನಗೆ ಬೇಕಾದ ಮಾತನ್ನು ಅವರ ಬಾಯಿಗೆ ನಾನು ಆಮೇಲೆ ಹಾಕಿರಲೂಬಹುದು. ಒಂದಂತೂ ನಿಜ, ಅವರು ನನ್ನ ಕಡೆ ತಿರುಗಿದರು.

"ಏ ಡಾಕ್ಟ್ರೇ, ನೀನಾರೂ ಹೇಳ್. ನಾ ತಿಂದಿಲ್ಲೆ."

ನಗುತ್ತಲೇ ಹೇಳಿದರು. ನಾನೂ ನಕ್ಕೆ.

ಎರಡನೇ ಸಲ ತಿಂದವರನ್ನು ಲೆಕ್ಕದಿಂದ ಬಿಡಬೇಕು ಎಂಬುದು ಮೇಡಂ ಹೊರಡುವ ಮೊದಲೇ ಹಾಕಿಕೊಟ್ಟಿದ್ದ ನಿಯಮ. ಮೇಷ್ಟ್ರು ಅದರ ಪ್ರಕಾರವೇ ನಡೆದರು. ಜಗುಲಿಯ ಅಂಚಿಗೆ ಹೋಗಿ, ಸೂರಿನ ನೀರು ಬೀಳುವಲ್ಲಿ ಆ ಬಾಟಲಿಯನ್ನು ಬಗ್ಗಿಸಿದರು. ಕೆಂಪು ಒಂದು ಗಳಿಗೆ ಕಲ್ಲಿನ ಮೇಲೆ ನಿಂತು, ಆಮೇಲೆ ಚರಂಡಿಗೆ ಹೋಯಿತು. ಬಾಟಲಿ ತೊಳೆದು ಕವುಚಿಟ್ಟರು.

ಮುಂದೆ ಮೇಡಂ ಸೊಪ್ಪಿನ ಬಗ್ಗೆ ಬರೆದರು. ಮೇಷ್ಟ್ರು ನಗುವಿನ ಬಗ್ಗೆ ಬರೆದರು. ನಾನು ಇಬ್ಬರಿಗೂ ಕೋಷ್ಟಕ ಮಾಡಿಕೊಟ್ಟೆ. ಮೂವರೂ ನಮ್ಮ ನಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದೆವು. ಆ ಮನುಷ್ಯನ ಮೈ ಮಾತ್ರ ಮೂವರಲ್ಲಿ ಯಾರ ವಿಷಯವೂ ಆಗಿರಲಿಲ್ಲ.

ಆಟಿ ಮುಗಿದು ಕೆಲವು ವಾರಗಳಾದ ಮೇಲೆ ಚಿಕ್ಕಪ್ಪ ಫೋನ್ ಮಾಡಿದರು. ತೋಟದ ವಿಷಯ ಮಾತಾಡಿದರು. ಕಾಡಾನೆಗಳು ಬೇಲಿ ಮುರಿದದ್ದನ್ನು ಹೇಳಿದರು. ಕೊನೆಗೆ, "ಅಲ್ಲ ಡಾಕ್ಟ್ರೇ, ಆ ಮದ್ದು ಒಳಗೆ ಎಷ್ಟ್ ದಿನ ಇದ್ದದೆ?" ಎಂದು ಕೇಳಿದರು.

"ಒಂದು ದಿನ. ಯಾಕೆ ಚಿಕ್ಕಪ್ಪ, ಇನ್ನೂ ಡಬ್ಬಿ ಖಾಲಿಯಾಗಿಲ್ಲವಾ?"

ಅವರು ನಕ್ಕರು. "ಸುಮ್ನೆ ಕೇಳ್ದೆ," ಎಂದು ಇಟ್ಟರು.

ಆಗಲೇ ಅವರು ಮನೆಯ ಬಚ್ಚಲು ಬಿಟ್ಟು ಕಣದ ಆಚೆಗಿನ ಹಳೆಯ ಶೌಚಾಲಯಕ್ಕೆ ಹೋಗಲು ಶುರು ಮಾಡಿದ್ದರಂತೆ. ಚಿಕ್ಕವ್ವನಿಗೆ ಅದು ವಿಚಿತ್ರ ಅನ್ನಿಸಿತ್ತು, ಕೇಳಿರಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿದ್ದರೋ ಇಲ್ಲವೋ. ಕೆಂಪು ಎಂದು ಬಾಯಿ ಬಿಟ್ಟರೆ ಮನೆಯವರೆಲ್ಲ ಮತ್ತೆ ಪಾಯಸದ ಮಾತೇ ಎತ್ತುತ್ತಿದ್ದರು.

ಹುತ್ತರಿ ಹಬ್ಬ ಕಳೆದು, ವರ್ಷದ ಕೊನೆಗೆ ಕಾಫಿ ಪಿಕ್ಕಿಂಗ್ ಶುರುವಾಗುವಾಗ ಅವರಿಗೆ ನಿಲ್ಲಲಾಗದಷ್ಟು ನೋವು ಬಂತು. ಮೈಸೂರಿನಲ್ಲಿ ಪರೀಕ್ಷೆ ಮಾಡಿದ ವೈದ್ಯರು ನಮ್ಮನ್ನು ಹೊರಗೆ ಕರೆದು, ಮೂತ್ರಕೋಶದಲ್ಲಿ ಗಡ್ಡೆ, ಬಹಳ ಬೆಳೆದಿದೆ ಎಂದರು. ಆಮೇಲೆ ಆ ಪ್ರಶ್ನೆ ಕೇಳಿದರು. ಚಿಕ್ಕವ್ವ ಒಂದು ತಿಂಗಳು ಇರಬಹುದು ಎಂದರು. ಸ್ವಲ್ಪ ತಡೆದು, "ಆಟಿಲೂ ಕೆಂಪಿತ್ತ್ ಡಾಕ್ಟ್ರೇ, ಆದರೆ ಅದು ಮದ್ದುಸೊಪ್ಪು ತಿಂದದ್ದು. ಅದು ಬೇರೆ," ಎಂದರು.

"ಬೇರೆ ಅಂತ ನಿಮಗೆ ಹೇಗೆ ಗೊತ್ತಾಯ್ತಮ್ಮ?"

ಚಿಕ್ಕವ್ವ ನನ್ನ ಮುಖ ನೋಡಿದರು. ವೈದ್ಯರೂ ನೋಡಿದರು. ಫ್ರಿಜ್ಜಿನಲ್ಲಿ ಪಾಯಸದ ಡಬ್ಬಿ ಇತ್ತು ಎಂದು ನಾನು ಹೇಳಿದೆ. ಆ ಗಳಿಗೆಯಲ್ಲಿ ಅದು ನನಗೆ ಅಷ್ಟು ಸ್ಪಷ್ಟವಾಗಿ ಕಂಡಿತ್ತು.

ಕಾಫಿ ಹೂ ಬಿಡುವ ಮೊದಲೇ ಚಿಕ್ಕಪ್ಪ ಹೋದರು.

ಈ ವರ್ಷ ಆಟಿ ಬಂದಾಗ ಚಿಕ್ಕವ್ವ ಸೊಪ್ಪು ಕೊಯ್ಯಲಿಲ್ಲ. ಪಾತ್ರೆಗಳನ್ನು ಎಣಿಸುತ್ತ, ಮದುವೆಯಲ್ಲಿ ತವರಿನಿಂದ ಬಂದ ಡಬ್ಬಿಗಳಲ್ಲಿ ಒಂದು ಇಲ್ಲ ಎಂದು ಗೊಣಗಿದರು. "ಕದ್ದ್ ತಿಂದ್ ಎಲ್ಲಿ ಬಿಸಾಡಿದೊ ಏನೋ. ಇರ್ಲಿ, ತಿಂದಾರೂ ಹೋದೊ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಮಾತೇ ಅವರನ್ನು ಇಷ್ಟು ದಿನ ನಿಲ್ಲಿಸಿದೆ. ಅವರ ಸಮಾಧಾನಕ್ಕೆ ಡಬ್ಬಿ ಫ್ರಿಜ್ಜಿನಲ್ಲೇ ಇದ್ದಿರಬೇಕು. ನನಗೂ ಹಾಗೇ ಇದ್ದರೆ ವಾಸಿಯಾಗಿತ್ತು.

ಮೈಸೂರಿಗೆ ವಾಪಸಾದ ಮೇಲೆ ಮೇಡಂಗೆ ಫೋನ್ ಮಾಡಿ ಕೇಳಿದೆ. "ಪಾಯಸನಾ? ನಿಮ್ಮ ಚಿಕ್ಕಪ್ಪನೇ ಕಾರಿಗೆ ತಂದುಕೊಟ್ರಲ್ಲ ಸಾರ್. ಇದು ಮನೇಲಿದ್ರೆ ನಾನು ತಿಂದುಬಿಡ್ತೀನಿ, ನೀವೇ ತಗೊಂಡ್ಹೋಗಿ ಅಂದ್ರು," ಎಂದರು. ಅವರ ನೆನಪನ್ನೂ ನಾನು ನಂಬಲಿಲ್ಲ. ಮರುದಿನ ಅವರ ಪ್ರಯೋಗಾಲಯಕ್ಕೆ ಹೋದೆ. ಅವರು ಫ್ರೀಜರಿನ ತಳದಿಂದ ಹಿಮ ಕಟ್ಟಿದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಬೆರಳಿನಿಂದ ಹಿಮ ಉಜ್ಜಿದೆ. ಚಿಕ್ಕವ್ವನ ತವರಿನ ಹೆಸರಿನ ಅಕ್ಷರಗಳನ್ನು ಅದರ ಮೇಲೆ ಕೊರೆದಿದ್ದರು, ಮುಚ್ಚಳ ತೆಗೆದರೆ ಒಳಗೆ ಪಾಯಸ ಅಂಚಿನವರೆಗೂ ಹಾಗೇ ತುಂಬಿತ್ತು.