ಹತ್ತು ನಿಮಿಷದ ಗಡುವು

ಕಾಕಾರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಕೇಬಲ್ ತುದಿ ಒತ್ತುವ ಇಕ್ಕಳದಲ್ಲಿ ಸಿಕ್ಕಿತ್ತಂತೆ. ಆ ಉಗುರಿನಿಂದಲೇ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚಿಗೆ ಕೇಬಲ್ ಒತ್ತಿ, ‘ಟಕ್’ ಎನ್ನುವವರೆಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ತಾರಿಹಾಳದ ನಮ್ಮ ಪಂಪ್ ಕಾರ್ಖಾನೆಯಲ್ಲಿ ಅವರು ನೆಟ್‌ವರ್ಕಿನ ಹಿರಿಯರು, ನಾನು ಕೈಕೆಳಗಿನ ಇಂಜಿನಿಯರ್.

ಮೊದಲೇ ಹೇಳಿಬಿಡುತ್ತೇನೆ, ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ನಾನು ಬಿ.ಇ. ಮುಗಿಸಿ, ಮೇಲೆ ಸರ್ಟಿಫಿಕೇಟ್ ತಂದವನು. ಅವರು ಟೆಲಿಫೋನ್ ಕಂಬ ಹತ್ತಿ ಕಲಿತವರು. ಆದರೂ ನಾನು ಕೆಲಸ ಮುಗಿಸಿದರೆ ಮಾಲೀಕರು ಕೇಳುತ್ತಿದ್ದುದು, ಕಾಕಾ ಒಮ್ಮೆ ನೋಡಿದ್ದಾರೋ ಎಂದು. ಕ್ಯಾಂಟೀನಿನಲ್ಲಿ ಗಿರ್ಮಿಟ್ ಕೂಡ ಅವರ ತಟ್ಟೆಗೆ ಒಂದು ಹಿಡಿ ಹೆಚ್ಚು. ಮನೆಯಲ್ಲಿ ವೈಫೈ ಕೈಕೊಟ್ಟಾಗ ನನ್ನ ಹೆಂಡತಿಯೇ ‘ಕಾಕಾರನ್ನ ಕೇಳ್ರಿ’ ಎಂದಳು. ಅವತ್ತು ನಾನು ಊಟ ಬಿಟ್ಟೆ.

ಪ್ರತಿ ಸ್ವಿಚ್ಚಿನೊಳಗೂ ಉಸ್ತುವಾರಿ ಯಾರೆಂದು ಬರೆಯಲು ಒಂದು ಸಾಲಿರುತ್ತದೆ. ಮುಖ್ಯ ಸ್ವಿಚ್ಚಿನ ಆ ಸಾಲಿನಲ್ಲಿ ಕಾಕಾರ ಹೆಸರಿತ್ತು. ಓದುವವರು ನಾವಿಬ್ಬರೇ. ಆದರೂ ಅಲ್ಲಿ ನನ್ನ ಹೆಸರು ಬರಬೇಕೆಂದು ಜೀವ ಹಾತೊರೆಯುತ್ತಿತ್ತು.

ದೂರದಿಂದ ಸ್ವಿಚ್ಚನ್ನು ಮುಟ್ಟುವ ಮೊದಲು ಅವರು ಅದಕ್ಕೊಂದು ಗಡುವು ಹಾಕುತ್ತಿದ್ದರು. ಹತ್ತು ನಿಮಿಷದಲ್ಲಿ ನಾವು ಬೇಡವೆನ್ನದಿದ್ದರೆ ಅದು ತಾನೇ ಆರಿ ಹೊತ್ತಿ ಹಳೆಯ ಸ್ಥಿತಿಗೆ ಮರಳಬೇಕು. ‘ಹೋಗೂ ಮೊದಲ ತಿರುಗಿ ಬರೂ ದಾರಿ ಮಾಡ್ಕೋಬೇಕು’ ಎನ್ನುತ್ತಿದ್ದರು. ನನಗದು ಮುದುಕರ ಅಂಜಿಕೆ ಎನಿಸುತ್ತಿತ್ತು.

ನಮ್ಮ ಕಟ್ಟಡಗಳ ನಡುವೆ ಮಾಹಿತಿ ಸಾಗುವ ದಾರಿಗಳನ್ನು ಆಗ ಸ್ವಿಚ್ಚುಗಳಲ್ಲಿ ಕೈಯಿಂದ ಬರೆದಿಟ್ಟಿದ್ದೆವು. ಬದಲಿಗೆ ಸ್ವಿಚ್ಚುಗಳೇ ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಓಎಸ್‌ಪಿಎಫ್ ಹಾಕುವುದೆಂದಾಯಿತು. ಕಾಕಾ ಬಸುರಿ ಸೊಸೆಯ ಕುಬಸಕ್ಕೆ ಶಿರಗುಪ್ಪಿಗೆ ಹೋದ ದಿನ, ನಾನು ಬೈರಿದೇವರಕೊಪ್ಪದ ನಮ್ಮ ಇನ್ನೊಂದು ಆಫೀಸಿನಲ್ಲಿ ಕೂತು, ದೂರದಿಂದಲೇ ತಾರಿಹಾಳದ ಮುಖ್ಯ ಸ್ವಿಚ್ಚಿನಲ್ಲಿ ಒಬ್ಬನೇ ಶುರು ಮಾಡಿದೆ. ಅವರು ಬರುವಷ್ಟರಲ್ಲಿ ಮುಗಿಸಿ ತೋರಿಸುವ ಚಪಲ. ಹೊಸ ವ್ಯವಸ್ಥೆ ಹಾಕಿ ಹಳೆಯ ದಾರಿ ಅಳಿಸಿದೆ. ಬರೀ ಕಂಪ್ಯೂಟರುಗಳಿರುವ ಕಡೆ ಸ್ವಿಚ್ಚು ದಾರಿಯ ಮಾತಾಡುವುದು ಬೇಡವೆಂದು ಕೇಬಲ್ ಸಿಕ್ಕಿಸುವ ಎಲ್ಲ ಪೋರ್ಟುಗಳ ಬಾಯಿ ಮುಚ್ಚಿಸಿದೆ. ಎಲ್ಲ ಎಂದರೆ ನಾನು ಕೂತ ಆಫೀಸಿನ ಕಡೆಯದೂ ಬಂತು. ಅದನ್ನು ಬಿಡಿಸುವ ಮೊದಲೇ ಸ್ವಿಚ್ಚಿನ ಸಂಪರ್ಕ ಕಡಿದು ಪರದೆ ನಿಂತುಹೋಯಿತು. ಗಡುವು ಹಾಕಿರಲಿಲ್ಲ. ತಾರಿಹಾಳದ ಗೇಟಿನಲ್ಲಿ ಲಾರಿಗಳು ಕಂಪ್ಯೂಟರಿನ ಚೀಟಿ ಬರದೆ ನಿಂತವು. ಸ್ವಿಚ್ ಕೋಣೆಯ ಕೀಲಿ ಕಾಕಾರ ಜೇಬಿನಲ್ಲಿತ್ತು.

ಫೋನ್ ಮಾಡಿದೆ. ಅವರು ಬೈಯಲಿಲ್ಲ.

‘ಸೇವ್ ಮಾಡೀಯೇನು?’

‘ಇಲ್ರಿ.’

‘ಹಂಗಾರ ಬದುಕಿದಿ.’

ಹೋಳಿಗೆ ಊಟ ಬಿಟ್ಟು ಸ್ಕೂಟರಿನಲ್ಲಿ ಬಂದು ಸ್ವಿಚ್ಚನ್ನು ಆರಿಸಿ ಹಚ್ಚಿದರು. ಸೇವ್ ಆಗದ ನನ್ನ ಕೆಲಸವೆಲ್ಲ ಹೋಗಿ ಹಳೆಯ ದಾರಿ ಬಂತು. ಮಾಲೀಕರಿಗೆ, ‘ಮಾಡು ಅಂತ ಹೇಳಿದಾಂವಾ ನಾನ’ ಎಂದರಂತೆ. ಆ ದೊಡ್ಡತನಕ್ಕೆ ನನಗೆ ಇನ್ನಷ್ಟು ಉರಿಯಿತು.

ಮರುದಿನ ಅವರು ಮುಖ್ಯ ಸ್ವಿಚ್ಚಿನ ಪಾಸ್‌ವರ್ಡ್ ಬದಲಿಸಿದರು. ಕೇಳಿದರೆ ‘ತಡಿ ಸ್ವಲ್ಪ’ ಎಂದರು. ಹೊಸ ವ್ಯವಸ್ಥೆಗೆಂದು ನಾನು ಬರೆದಿಟ್ಟಿದ್ದ ಯೋಜನೆಯ ಹಾಳೆ ತೆಗೆದುಕೊಂಡು ಮುಖ್ಯ ಸ್ವಿಚ್ಚನ್ನು ತಾವೇ ಸಜ್ಜು ಮಾಡಿದರು, ನನಗೆ ಉಳಿದ ಸಣ್ಣ ಸ್ವಿಚ್ಚುಗಳನ್ನು ಬಿಟ್ಟರು. ಶಿಕ್ಷೆ ಎಂದುಕೊಂಡು ನಾನು ಕೆಲಸದ ಮಾತಷ್ಟೇ ಆಡತೊಡಗಿದೆ. ಹಾಗೆಯೇ ಒಂದು ವರ್ಷ ಕಳೆಯಿತು.

ಈ ಬೇಸಿಗೆಯಲ್ಲಿ ಕಾಕಾ ಎದೆನೋವಿನಿಂದ ತೀರಿಕೊಂಡರು. ಹದಿನೈದು ದಿನದ ಮೇಲೆ ಅವರ ಸೊಸೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಮಾವನವರ ಡೈರಿ ನಿಮಗೆ ಸೇರಬೇಕಂತೆ ಎಂದು ಕೊಟ್ಟಳು. ನಾಚಿಕೆಯ ಮಾತು, ಇನ್ನು ಉಸ್ತುವಾರಿಯ ಆ ಸಾಲು ನನ್ನದು ಎಂಬುದೇ ನನ್ನ ಮೊದಲ ಯೋಚನೆ. ಪಾಸ್‌ವರ್ಡ್ ಹುಡುಕಿದೆ. ಕುಬಸದ ಮರುದಿನದ ಪುಟದಲ್ಲಿತ್ತು. ಕೆಳಗೆ ಬರೆದಿದ್ದರು:

‘ಇಂವಾ ಬರದದ್ದೆಲ್ಲಾ ಬರೋಬ್ಬರಿ ಐತಿ, ಒಂದ ಸಾಲು ಬಿಟ್ಟು. ನನಗ ಎರಡ ತಿಂಗಳು ಬೇಕಾಗತಿತ್ತು. ಉಸ್ತುವಾರಿಗೆ ಇಂವನ ಹೆಸರು ಹಾಕೇನಿ. ಪಾಸ್‌ವರ್ಡ್ ಕೊಡಾಕ ಮಾತ್ರ ಮನಸ್ಸ ಬರವಲ್ದು. ಹೊಟ್ಟ್ಯಾಗ ಕಿಚ್ಚು ಐತಿ, ಆರಲಿ.’

ಸ್ವಿಚ್ಚಿನೊಳಗೆ ಹೋಗಿ ನೋಡಿದೆ. ಆ ಸಾಲಿನಲ್ಲಿ ವರ್ಷದಿಂದ ನನ್ನ ಹೆಸರೇ ಇತ್ತು. ನನ್ನನ್ನು ಕಂಡು ಹೊಟ್ಟೆಕಿಚ್ಚು ಪಟ್ಟವರು ಈ ಊರಿನಲ್ಲಿ ಅವರೊಬ್ಬರೇ, ಅವರೂ ಹೋದರು. ಹತ್ತು ನಿಮಿಷದ ಗಡುವು ಹಾಕಿದೆ. ನನ್ನ ಹೆಸರಿಗಿಂತ ಮೊದಲು ಅವರ ಹೆಸರು ಬರೆದೆ. ಎಲ್ಲ ಸರಿಯಿದೆಯೆಂದು ಎರಡು ಸಲ ನೋಡಿ, ಗಡುವು ತೆಗೆದು, ಸೇವ್ ಮಾಡಿದೆ.