ಲಿನಕ್ಸ್ ಜಯಕ್ಕ

ಪರದೆಯ ಮೇಲೆ ಟ್ರಕ್ಕು ಇಳಿಜಾರಿಗೆ ಬಂತೆಂದರೆ ಜಯಕ್ಕನ ಬಲಗಾಲು ಮೇಜಿನ ಕೆಳಗೆ ಬ್ರೇಕು ಒತ್ತುತ್ತಿತ್ತು. ಅಲ್ಲಿ ಬ್ರೇಕೂ ಇಲ್ಲ, ಏನೂ ಇಲ್ಲ, ಬರೀ ಸಿಮೆಂಟಿನ ನೆಲ. ಅದು ಕಂಪ್ಯೂಟರ್ ಆಟದ ಟ್ರಕ್ಕು, ಓಡುತ್ತಿದ್ದದ್ದು ಕೀಬೋರ್ಡಿನ ಮೇಲಿನ ಎರಡು ಬೆರಳಿನಿಂದ. ಆದರೂ ಕಾಲು ಸುಮ್ಮನಿರುತ್ತಿರಲಿಲ್ಲ. ಒಂದು ಚಪ್ಪಲಿ ಯಾವಾಗಲೂ ಮೇಜಿನಡಿ ಮಗುಚಿ ಬಿದ್ದಿರುತ್ತಿತ್ತು. ಗಿರಾಕಿ ಬಂದು ಆಧಾರ್ ಕಾರ್ಡು ಚಾಚಿದರೆ ಟ್ರಕ್ಕನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಇಂಡಿಕೇಟರ್ ಹಾಕಿ, ಆಮೇಲೆ ಎದ್ದು ಜೆರಾಕ್ಸ್ ತೆಗೆಯುತ್ತಿದ್ದರು. ನಡುರಸ್ತೆಯಲ್ಲಿ ನಿಲ್ಲಿಸಿ ಎದ್ದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಹೊಳೆನರಸೀಪುರದ ಬಸ್ ನಿಲ್ದಾಣದ ಹತ್ತಿರದ ಒಂದು ಕಟ್ಟಡದಲ್ಲಿ ಮೇಲಿನ ಮಹಡಿ ನನ್ನ ಕಂಪ್ಯೂಟರ್ ತರಬೇತಿ ಕೇಂದ್ರ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಜಯಕ್ಕನ ಜೆರಾಕ್ಸ್ ಅಂಗಡಿ. ತವರು ಅರಕಲಗೂಡಿನ ಕಡೆ, ಓದಿದ್ದು ಪಿಯುಸಿ. ಗಂಡ ರಂಗಣ್ಣ ಚನ್ನರಾಯಪಟ್ಟಣದಿಂದ ತೆಂಗಿನಕಾಯಿ ಲೋಡು ಹೊಡೆಯುವ ಲಾರಿ ಡ್ರೈವರು. ಯಾವುದೋ ಕಚೇರಿಯವರು ಬಿಸಾಕಿದ ಕಂಪ್ಯೂಟರನ್ನು ಜಯಕ್ಕ ಗುಜರಿಯಿಂದ ತಂದಿದ್ದರು. ಅದಕ್ಕೆ ಒಮ್ಮೆ ವೈರಸ್ ಬಡಿದು, ಊರವರ ಅರ್ಜಿಗಳೆಲ್ಲ ಅಳಿಸಿಹೋದವು. ಅವತ್ತಿನಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶವನ್ನೇ ಬದಲಿಸಿ, ವಿಂಡೋಸ್ ಬಿಟ್ಟು, ಪುಕ್ಕಟೆ ಸಿಗುವ, ವೈರಸ್ ಕಾಟ ಕಡಿಮೆಯಿರುವ ಲಿನಕ್ಸ್ ಹಿಡಿದರು. ಯಾರೂ ಕಲಿಸಲಿಲ್ಲ. ಅಂತರ್ಜಾಲದಲ್ಲಿ ಓದಿ, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟಿ ಕುಟ್ಟಿ ಕಲಿತರು. ನೋಡಿದವರು 'ಕಂಪ್ಯೂಟರ್ ಕೆಟ್ಟೋಯ್ತಾ ಅಕ್ಕ?' ಅನ್ನುತ್ತಿದ್ದರು.

ಅದರಲ್ಲಿ ಆಟ ಓಡಿಸುವುದು ಇನ್ನೂ ಕಷ್ಟ. ಬಹಳ ಆಟಗಳು ವಿಂಡೋಸ್‌ಗೆಂದೇ ಮಾಡಿದವು. ಅವು ಲಿನಕ್ಸಿನಲ್ಲಿ ಓಡಲು ನಡುವೆ ಇನ್ನೊಂದು ತಂತ್ರಾಂಶ ಬೇಕು. ಜಯಕ್ಕ ಅದನ್ನು ವಿವರಿಸುತ್ತಿದ್ದುದು ಹೀಗೆ: "ಆಟ ಒಂದ್ ಭಾಷೆ ಆಡ್ತದೆ, ಮಿಷನ್ ಇನ್ನೊಂದ್ ಆಡ್ತದೆ. ನಡುವ್ಕೆ ಒಬ್ಬ ನಿಂತ್ಕಂಡು ಇಬ್ರಿಗೂ ಯೋಳ್ಬೇಕು ಕಣ್ ಸಾ, ಸಂಬಂಧ ಕುದುರ್ಸೋರಂಗೆ." ಪರದೆಗೆ ಚಿತ್ರ ತರುವ 'ಗ್ರಾಫಿಕ್ಸ್ ಡ್ರೈವರ್' ಎಂಬ ತಂತ್ರಾಂಶ ಕೈಕೊಟ್ಟ ದಿನ ನಗುತ್ತಿದ್ದರು. "ಮನೇಲೊಬ್ಬ ಡ್ರೈವರ್ರು, ಇಲ್ಲೊಬ್ಬ ಡ್ರೈವರ್ರು. ಇಬ್ರಲ್ಲಿ ಯಾರ್ ಮುನಿಸ್ಕಂಡ್ರೂ ಸಮಾಧಾನ ಮಾಡೋಳು ನಾನೇಯ."

ಲಿನಕ್ಸ್ ಜಯಕ್ಕ ಎಂದು ಹೆಸರಿಟ್ಟವನು ನಾನೇ. ಪ್ರೀತಿಯಿಂದ ಇಟ್ಟದ್ದಲ್ಲ. ನಾನು ಡಿಪ್ಲೊಮಾ ಮಾಡಿದವನು. ಗೋಡೆಗೆ ಸರ್ಟಿಫಿಕೇಟು ನೇತುಹಾಕಿದ್ದೆ. ನನ್ನ ವಿದ್ಯಾರ್ಥಿಗಳು ಪಾಠ ಮುಗಿಸಿ ಮೆಟ್ಟಿಲಿಳಿದರೆ ನೇರ ಮನೆಗೆ ಹೋಗುತ್ತಿರಲಿಲ್ಲ. ಜಯಕ್ಕನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೇಲೆ ನಾನು ಕೇಳಿದ ಪ್ರಶ್ನೆಗೆ ಬಾಯಿ ಬಿಡದವರು ಕೆಳಗೆ ಹತ್ತು ಪ್ರಶ್ನೆ ಕೇಳುತ್ತಿದ್ದರು, ಜಯಕ್ಕನೊಡನೆ ನಗುತ್ತಿದ್ದರು. ಆ ನಗು ಮೆಟ್ಟಿಲು ಹತ್ತಿ ನನ್ನ ಖಾಲಿ ಕೋಣೆಗೆ ಬಂದಾಗ ಹೊಟ್ಟೆಯಲ್ಲಿ ಕಿಚ್ಚೆದ್ದಂತಾಗುತ್ತಿತ್ತು.

ಆ ಕಿಚ್ಚಿಗೇ ಹೊಸ ಕಂಪ್ಯೂಟರ್ ಕೊಂಡೆ. ದುಬಾರಿ ಗ್ರಾಫಿಕ್ಸ್ ಕಾರ್ಡು, ಬಣ್ಣದ ದೀಪ, ಎಲ್ಲ ಇತ್ತು. ಧೂಳು ಕೂರಬಾರದೆಂದು ಬಡಗಿಯಿಂದ ಬಾಗಿಲಿರುವ ಮೇಜು ಮಾಡಿಸಿ, ಅದರೊಳಗೆ ಇಟ್ಟು ಮುಚ್ಚಿದೆ. ವಿದ್ಯಾರ್ಥಿಗಳನ್ನೆಲ್ಲ ಕೂರಿಸಿ, ಜಯಕ್ಕನನ್ನೂ ಕರೆಸಿ, ಅವರ ಅದೇ ಟ್ರಕ್ ಆಟವನ್ನು ಹಚ್ಚಿದೆ. ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಟ್ರಕ್ಕು ಕುಂಟತೊಡಗಿತು, ನಿಂತು ನಿಂತು ಹಾರಿತು. ನಾನು ಇಂಟರ್‌ನೆಟ್ಟನ್ನು ಬೈದೆ. ಜಯಕ್ಕ ಎದ್ದು ಬಂದು ಮೇಜಿನ ಬಾಗಿಲ ಮೇಲೆ ಅಂಗೈ ಇಟ್ಟರು, ಜ್ವರ ನೋಡುವಂತೆ.

"ಸಾ, ಉಸ್ರು ಕಟ್ತಾ ಐತೆ ಇದಕ್ಕೆ. ಬಾಗ್ಲು ತೆಗೀರಿ."

ತೆಗೆದೆ. ಬಿಸಿಗಾಳಿ ಮುಖಕ್ಕೆ ಬಡಿಯಿತು. ಸ್ವಲ್ಪ ಹೊತ್ತಿನಲ್ಲೇ ಟ್ರಕ್ಕು ಸರಾಗ ಓಡಿತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು, ನನಗಲ್ಲ.

ಅದಾದ ಕೆಲವು ವಾರಕ್ಕೆ ಹಾಸನದ ಒಂದು ಖಾಸಗಿ ಕಾಲೇಜಿನ ಪ್ರಾಂಶುಪಾಲರು ನನಗೆ ಫೋನ್ ಮಾಡಿದರು. ಅವರಲ್ಲಿ ಮೂವತ್ತು ಹಳೆಯ ಕಂಪ್ಯೂಟರುಗಳಿದ್ದವು. ಅವಕ್ಕೆ ಲಿನಕ್ಸ್ ಹಾಕಿಸಿ, ಅದನ್ನು ಮಕ್ಕಳಿಗೆ ಕಲಿಸಲೂ ಒಬ್ಬರು ಬೇಕಿತ್ತು. "ನಿಮ್ಮ ಕಟ್ಟಡದಲ್ಲಿ ಒಬ್ಬರು ಹೆಂಗಸು ಇದ್ದಾರಂತಲ್ಲ, ಅವರು ಈ ಕೆಲಸ ಕೇಳಿಕೊಂಡು ಬಂದು ಮಾತಾಡಿ ಹೋಗಿದ್ದಾರೆ. ಹೇಗೆ ಅವರು?" ಎಂದು ಕೇಳಿದರು.

ನಾನು ಸುಳ್ಳು ಹೇಳಲಿಲ್ಲ. ಹೇಳಿದ್ದು ಇಷ್ಟೇ: "ಪಾಪ, ಒಳ್ಳೆಯವರು ಸಾರ್. ಓದಿರೋದು ಪಿಯುಸಿ. ದಿನವೆಲ್ಲ ಆಟ ಆಡ್ತಾ ಕೂತಿರ್ತಾರೆ."

ಫೋನಿಟ್ಟಾಗ ಸಂತೋಷವಾಗಿತ್ತು. ಅದನ್ನು ಬಚ್ಚಿಡುವುದಿಲ್ಲ.

ಆಮೇಲೆ ಅವರನ್ನು ಅವರ ವಿದ್ಯೆಯಲ್ಲೇ ಸೋಲಿಸಬೇಕೆಂಬ ಹಟ ಬಂತು. ಗುಟ್ಟಾಗಿ ನನ್ನ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಆ ಆಟ ಓಡಿಸಲು ಕೂತೆ. ಓಡಲಿಲ್ಲ. ಕಪ್ಪು ಪರದೆಯಲ್ಲಿ ಏನು ಹೊಡೆದರೂ ತಪ್ಪು, ತಪ್ಪು. ಕೆಳಗೆ ಹೋಗಿ ಕೇಳಿದ್ದರೆ ಐದು ನಿಮಿಷದ ಕೆಲಸ. ಕೇಳಲಿಲ್ಲ. ಲಿನಕ್ಸಿನಲ್ಲಿ ಆಟ ಆಡುವವರು ಕಷ್ಟ ಹೇಳಿಕೊಳ್ಳುವ ಒಂದು ಜಾಲತಾಣವಿತ್ತು. ಅಲ್ಲಿ ಬೇರೆ ಹೆಸರಿನಲ್ಲಿ, ಇಂಗ್ಲಿಷಿನಲ್ಲಿ ಬರೆದೆ, ಪರದೆಯ ಚಿತ್ರವನ್ನೂ ಹಾಕಿದೆ. 'ಲಾರಿ ಕ್ಲೀನರ್' ಎಂಬ ಹೆಸರಿನವನೊಬ್ಬ ಉತ್ತರಿಸಿದ. ಹರಕು ಇಂಗ್ಲಿಷು, ಆದರೆ ಎಷ್ಟು ತಾಳ್ಮೆ! ನಾಲ್ಕು ಮಧ್ಯಾಹ್ನ ಒಂದೊಂದೇ ಹೆಜ್ಜೆ ಹೇಳಿಕೊಟ್ಟ. ನಾನು ಎಡವಿದಾಗಲೆಲ್ಲ 'ನಾಚಿಕೆ ಬೇಡ, ಎಲ್ಲರೂ ತಪ್ಪು ಹೊಡೆಯುತ್ತಾರೆ' ಎಂದು ಬರೆಯುತ್ತಿದ್ದ. ಗುರುವೆಂದರೆ ಇವನು ಅಂದುಕೊಂಡೆ. ನಾಲ್ಕನೆಯ ದಿನ ಆಟ ತೆರೆದುಕೊಂಡಿತು.

ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದೆ. "ಜಯಕ್ಕ, ನಾನೂ ಲಿನಕ್ಸ್ ಹಾಕ್ದೆ. ನಿಮ್ಮ ಟ್ರಕ್ ಆಟ ಓಡ್ತಿದೆ. ಯಾರನ್ನೂ ಕೇಳಲಿಲ್ಲ, ನಾನೇ ಕಲಿತೆ."

ಜಯಕ್ಕ ಜೆರಾಕ್ಸ್ ಹಾಳೆಗಳನ್ನು ಜೋಡಿಸುತ್ತಾ ತಲೆಯೆತ್ತಿದರು. "ಒಳ್ಳೇದಾಯ್ತು ಬುಡಿ ಸಾ. ಆ ಎರಡ್ನೇ ಸಾಲಲ್ಲಿ ಒಂದಕ್ಷರ ಬುಟ್ಬುಟ್ಟಿದ್ರಲ್ಲ, ಅದ್ಕೇ ಅಷ್ಟ್ ದಿನ ಹಿಡೀತು."

"ಲಾರಿ ಕ್ಲೀನರ್ ಅಂದ್ರೆ ನೀವಾ?" ಎಂದೆ.

"ನೀವ್ ಹಾಕಿದ್ ಫೋಟೋದಲ್ಲಿ ಮೂಲೇಲಿ ನಿಮ್ ಸೆಂಟರ್ ಎಸ್ರು ಇತ್ತಲ್ಲ ಸಾ. ಮೊದಲ್ನೇ ದಿನವೇ ಗೊತ್ತಾಯ್ತು. ಯೋಳಿದ್ರೆ ನೀವ್ ಕಲೀತಿರ್ಲಿಲ್ಲ."

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಲ್ಲೇ ನಿಂತು ಕಾಲೇಜಿನ ಫೋನಿನ ವಿಷಯವನ್ನು ಪೂರ್ತಿ ಹೇಳಿಬಿಟ್ಟೆ. ಅವರು ಕ್ಷಮಿಸುತ್ತಾರೆಂದುಕೊಂಡಿದ್ದೆ. ಜಯಕ್ಕ ಹಾಳೆಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿದರು, ಮತ್ತೆ ಕುಟ್ಟಿದರು.

"ಆ ಕೆಲ್ಸ ನಂಗೆ ಬೇಕಾಗಿತ್ತು ಸಾ. ಮೂವತ್ ಮಿಷನ್ನು. ಯಾವ್ದುಕ್ಕೆ ಏನ್ ಹಾಕ್ಬೇಕು ಅಂತ ಬುಕ್ಕಲ್ಲಿ ಬರ್ಕಂಡು ಕುಂತಿದ್ದೆ."

ಮರುದಿನವೇ ಹಾಸನಕ್ಕೆ ಹೋಗಿ ಪ್ರಾಂಶುಪಾಲರಿಗೆ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾರೂ ಸಿಗಲಿಲ್ಲ ಅಂತ ಹೋದ ವಾರ ಆ ಕಂಪ್ಯೂಟರುಗಳನ್ನ ಗುಜರಿಗೆ ಹಾಕಿಬಿಟ್ವಲ್ಲ" ಎಂದರು. ಸಂಜೆ ಬಂದು ಅದನ್ನೂ ಜಯಕ್ಕನಿಗೆ ಹೇಳಿದೆ.

"ಎಲ್ಲಾವ್ನೂವಾ?" ಎಂದರು.

ತಲೆಯಾಡಿಸಿದೆ. ಅವರು ಬಾಗಿಲಿನ ಕಡೆ ತಿರುಗಿ ಗಿರಾಕಿಯ ಕೈಯಿಂದ ಪಹಣಿ ಇಸಿದುಕೊಂಡರು. ಆಮೇಲೆ ನನ್ನೊಡನೆ ಮಾತು ಬಿಡಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದರು. ತಾವಾಗಿ ಮಾತ್ರ ಏನೂ ಹೇಳುತ್ತಿರಲಿಲ್ಲ.

ವರ್ಷ ಕಳೆಯುವುದರೊಳಗೆ ರಂಗಣ್ಣ ಬೆನ್ನು ನೋವಿನಿಂದ ಲಾರಿ ಓಡಿಸುವುದನ್ನು ನಿಲ್ಲಿಸಿದರು. ಇಬ್ಬರೂ ಚನ್ನರಾಯಪಟ್ಟಣಕ್ಕೆ ಹೋಗಿ ತೆಂಗಿನಕಾಯಿ ಮಾರುಕಟ್ಟೆಯ ಹತ್ತಿರ ಅಂಗಡಿ ತೆರೆದರು. ನನ್ನ ಮೆಟ್ಟಿಲ ಕೆಳಗೆ ಈಗ ಮೊಬೈಲ್ ಕವರ್ ಮಾರುವವರು ಬಂದಿದ್ದಾರೆ. ನನ್ನ ವಿದ್ಯಾರ್ಥಿಗಳು ಅಲ್ಲಿ ನಿಲ್ಲುವುದಿಲ್ಲ. ನನ್ನ ಹತ್ತಿರವೂ ನಿಲ್ಲುವುದಿಲ್ಲ.

ಈಚೆಗೆ ಒಂದು ಮದುವೆಗೆ ಚನ್ನರಾಯಪಟ್ಟಣಕ್ಕೆ ಹೋದವನು ಅವರ ಅಂಗಡಿ ಹುಡುಕಿಕೊಂಡು ಹೋದೆ. ಜೆರಾಕ್ಸ್ ಯಂತ್ರದ ಹಿಂದೆ ಐದು ಹಳೆಯ ಕಂಪ್ಯೂಟರ್ ಸಾಲಾಗಿದ್ದವು. ಲೋಡು ತುಂಬುವವರೆಗೆ ಕಾಯುವ ಡ್ರೈವರುಗಳು ಅಲ್ಲಿ ಕೂತು ಟ್ರಕ್ ಆಟ ಆಡುತ್ತಿದ್ದರು. ಇಡೀ ಅಂಗಡಿ ನಗುತ್ತಿತ್ತು. ಜಯಕ್ಕ ನನ್ನನ್ನು ನೋಡಿ ಎದ್ದು ಕುರ್ಚಿ ಕೊಟ್ಟರು, ಟೀ ತರಿಸಿದರು.

"ಯಾರಕ್ಕ ಇವ್ರು?" ಎಂದ ಒಬ್ಬ ಡ್ರೈವರು.

"ನರಸೀಪುರದ ಕಂಪ್ಯೂಟರ್ ಮೇಷ್ಟ್ರು ಕಣಪ್ಪ. ಸಾ ಮ್ಯಾಲಿದ್ರು, ನಾವ್ ಕೆಳಗಿದ್ವಿ." ಅಷ್ಟೇ. ಅವರಿಂದ ಕಲಿತವನು ಎಂದು ನಾನೇ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಡ್ರೈವರನ ಪರದೆ ಕಪ್ಪಾಯಿತು. ಅವನು ಸಿಕ್ಕ ಗುಂಡಿಯನ್ನೆಲ್ಲ ಒತ್ತತೊಡಗಿದ. ಜಯಕ್ಕ ಓಡಿಬಂದು ಅವನ ತಲೆಗೆ ಮೊಟಕಿದರು.

"ಲೇ, ಕುಟ್ಬ್ಯಾಡ ಕಣ್ಲಾ! ಏನ್ ಬರ್ದೈತೆ ಅಂತ ಮೊದ್ಲು ಓದು. ಓದ್ಲಾ ಜೋರಾಗಿ."

ಅವನು ತಲೆ ಸವರಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಅವರು ಅವನ ಹೆಗಲ ಮೇಲೆ ಕೈಯಿಟ್ಟು ಬಗ್ಗಿ ನಿಂತು ಕೇಳಿದರು. ಅವರು ಕೊಟ್ಟ ಒಳ್ಳೆಯ ಕುರ್ಚಿಯಲ್ಲಿ ಟೀ ಲೋಟ ಹಿಡಿದುಕೊಂಡು ಕೂತಿದ್ದ ನನಗೆ, ಹಾಗೆ ಬೈಸಿಕೊಂಡು ಕಲಿಯುತ್ತಿದ್ದ ಆ ಡ್ರೈವರನ ಮೇಲೆ ಹೇಳಲಾರದಷ್ಟು ಹೊಟ್ಟೆಕಿಚ್ಚಾಯಿತು.